ಒಣ ಪಾಸ್ತಾ ಸರಿಯಾಗಿ ಬೇಯಲು ಎಷ್ಟು ನಿಮಿಷ ಬೇಕು? ದಾವಣಗೆರೆ, ಚಿತ್ರದುರ್ಗದವರು ಹೇಳಿ

ವಿದ್ಯಾನಗರದ ಒಲೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಪಾಸ್ತಾ ಮಾಡಿದ ದಿನವೆಲ್ಲ ಒಂದೇ ತಕರಾರು. ಪೆನ್ನೆ, ಅಂದರೆ ಕೊಳವೆಯಂತಹ ಪಾಸ್ತಾದ ಪೊಟ್ಟಣದ ಮೇಲೆ 10ರಿಂದ 12 ನಿಮಿಷ ಬೇಯಿಸಿ ಎಂದು ಅಚ್ಚಾಗಿದೆ. ಅಷ್ಟಕ್ಕೇ ಇಳಿಸಿದರೆ ಅತ್ತೆಯವರು ಒಂದು ತುಂಡು ಬಾಯಿಗೆ ಹಾಕಿಕೊಂಡು "ಒಳಗೆ ಇನ್ನೂ ಹಸಿ ಹಿಟ್ಟಿದೆ" ಎನ್ನುತ್ತಾರೆ. ಅವರ ಮಾತಿನಂತೆ ಇನ್ನೂ ಐದು ನಿಮಿಷ ಬಿಟ್ಟರೆ ಮಗಳು ತಟ್ಟೆಯನ್ನೇ ಸರಿಸುತ್ತಾಳೆ. ಪಕ್ಕದ ಮನೆಯವರು ಕುಕ್ಕರಿನಲ್ಲಿ ಎರಡು ಸೀಟಿ ಸಾಕು ಎನ್ನುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಒಬ್ಬರು 7 ನಿಮಿಷ ಎನ್ನುತ್ತಾರೆ, ಇನ್ನೊಬ್ಬರು 15.

ನನಗೆ ತಿಳಿಯಬೇಕಾದದ್ದು ಇಷ್ಟು. ಗಡಿಯಾರ ನೋಡಲು ಶುರು ಮಾಡುವುದು ಪಾಸ್ತಾ ನೀರಿಗೆ ಬಿದ್ದ ಕ್ಷಣದಿಂದಲೋ, ನೀರು ಮತ್ತೆ ಕುದಿ ಹಿಡಿದ ಮೇಲೋ? ಬೆಂದಿದೆ ಎಂದು ಖಚಿತವಾಗಿ ತಿಳಿಯುವುದು ಹೇಗೆ? ನೀರು, ಉಪ್ಪು, ಎಣ್ಣೆಯ ಲೆಕ್ಕವೇನು? ದಿನವೂ ಒಲೆಯ ಮುಂದೆ ನಿಲ್ಲುವವರು ಹೇಳಿದರೆ ಉಪಕಾರ.

ಬಿಸಿಬಾಣಲೆ (ದಾವಣಗೆರೆ)

ನಾನು ಮದುವೆ, ಸಮಾರಂಭಗಳಿಗೆ ಅಡುಗೆ ಮಾಡಿಸುವವನು. ಈಗ ಆರತಕ್ಷತೆಯ ಊಟದಲ್ಲಿ ಪಾಸ್ತಾ ಇರಲೇಬೇಕು ಎನ್ನುವವರು ಹೆಚ್ಚು, ಹಾಗಾಗಿ ಈ ವಿಷಯದಲ್ಲಿ ಸಾಕಷ್ಟು ಪಳಗಿದ್ದೇನೆ.

ಮೊದಲು ಗಡಿಯಾರ. ನೀರು ಭರ್ಜರಿಯಾಗಿ ಕುದಿಯುವಾಗ ಪಾಸ್ತಾ ಹಾಕಿದೊಡನೆ ಕುದಿ ನಿಲ್ಲುತ್ತದೆ. ಪಾತ್ರೆ ದೊಡ್ಡದಾಗಿದ್ದು ನೀರು ಹೆಚ್ಚಿದ್ದರೆ ಒಂದು ನಿಮಿಷದೊಳಗೆ ಮತ್ತೆ ಕುದಿ ಬರುತ್ತದೆ. ಸಣ್ಣ ಪಾತ್ರೆ, ಕಡಿಮೆ ನೀರು, ಮಂದ ಉರಿ ಇದ್ದರೆ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಒಂದೇ ಪೊಟ್ಟಣಕ್ಕೆ ಒಬ್ಬರು 7, ಇನ್ನೊಬ್ಬರು 15 ಎನ್ನುವುದರ ಹಿಂದೆ ಈ ವ್ಯತ್ಯಾಸವೂ ಇದೆ. ನೀರು ಮತ್ತೆ ಕುದಿ ಹಿಡಿದ ಕ್ಷಣದಿಂದ ಎಣಿಸಿ. ಹಾಕಿದ ತಕ್ಷಣ ಒಂದೆರಡು ನಿಮಿಷ ಸೌಟಿನಿಂದ ತಳದಿಂದ ಮೇಲಕ್ಕೆ ಕಲಕುತ್ತಿರಿ. ಪಾಸ್ತಾದ ಮೈಮೇಲಿನ ಪಿಷ್ಟ ಅಂಟಾಗುವುದು ಆ ಹೊತ್ತಿನಲ್ಲೇ. ಅದು ದಾಟಿದರೆ ಆಮೇಲೆ ಆಗೊಮ್ಮೆ ಈಗೊಮ್ಮೆ ಕಲಕಿದರೆ ಸಾಕು.

ಅಂದಾಜಿಗೆ ಹೇಳುವುದಾದರೆ ಉದ್ದ ಎಳೆಯ ಸ್ಪಾಗೆಟ್ಟಿಗೆ 8ರಿಂದ 11 ನಿಮಿಷ, ಪೆನ್ನೆ ಮತ್ತು ಸುರುಳಿಯಾಕಾರದ ಫ್ಯುಸಿಲಿಗೆ 9ರಿಂದ 12, ಬಾಗಿದ ಸಣ್ಣ ಮ್ಯಾಕರೋನಿಗೆ 7ರಿಂದ 9. ಕೂದಲೆಳೆಯಂತಹ ಕಪೆಲ್ಲಿನಿ ಮೂರು ನಾಲ್ಕು ನಿಮಿಷದಲ್ಲೇ ಆಗಿಬಿಡುತ್ತದೆ. ಗೋಡೆಯ ದಪ್ಪ ಎಷ್ಟೋ ಕಾಲ ಅಷ್ಟು. ಪೊಟ್ಟಣದ ಮೇಲಿನ ಅಂಕಿಯನ್ನು ನಂಬಿ, ಆದರೆ ಅದಕ್ಕಿಂತ ಎರಡು ನಿಮಿಷ ಮೊದಲೇ ಒಂದು ತುಂಡು ತೆಗೆದು ನೋಡಿ.

ನೋಡುವುದು ಹೇಗೆ ಎಂದರೆ, ಪೆನ್ನೆಯ ತುಂಡೊಂದನ್ನು ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿ ಬೆಳಕಿಗೆ ಹಿಡಿಯಿರಿ. ಕೊಳವೆಯ ಗೋಡೆಯ ಹೊರಗಿನ ಭಾಗವೂ ಒಳಗಿನ ಭಾಗವೂ ಹಳದಿಯಾಗಿ ಪಾರದರ್ಶಕದಂತೆ ಕಾಣುತ್ತವೆ. ಎರಡರ ನಡುವೆ ಸುಣ್ಣದ ಗೆರೆಯಂತಹ ಬಿಳಿ ಬಳೆ ಇರುತ್ತದೆ. ನೀರು ಇನ್ನೂ ತಲುಪದ ಜಾಗ ಅದು. 7ನೇ ನಿಮಿಷಕ್ಕೆ ದಪ್ಪಗಿರುವ ಆ ಬಳೆ 9ನೇ ನಿಮಿಷಕ್ಕೆ ತೆಳ್ಳಗಾಗುತ್ತದೆ, 10ಕ್ಕೆ ಅಲ್ಲಲ್ಲಿ ಕಡಿದ ಚುಕ್ಕೆಗಳಾಗುತ್ತದೆ. ಚುಕ್ಕೆ ಇನ್ನೇನು ಮಾಯವಾಗಬೇಕು ಎನ್ನುವಾಗ ಇಳಿಸಿದರೆ ಇಟಲಿಯವರು ಅಲ್ ದೆಂತೆ ಎನ್ನುವ ಹದ. ಹಲ್ಲಿಗೆ ತುಸು ತಡೆ ಕೊಡುತ್ತದೆ, ಹಿಟ್ಟಿನ ರುಚಿ ಮಾತ್ರ ಇರುವುದಿಲ್ಲ. ನಿಮ್ಮ ಅತ್ತೆಯವರಿಗೆ ಹಸಿ ಹಿಟ್ಟಿನ ರುಚಿ ಬಂದಿದ್ದರೆ ಅವರ ಮಾತು ಸರಿ. ಆ ದಿನ ಬಳೆ ಇನ್ನೂ ದಪ್ಪಗಿತ್ತು ಎಂದೇ ಅರ್ಥ.

ಕೋಟೆಬಾಗಿಲು (ಚಿತ್ರದುರ್ಗ)

ಎಣ್ಣೆಯ ಬಗ್ಗೆ ಯಾರೂ ಹೇಳಲಿಲ್ಲ. ಕುದಿಯುವ ನೀರಿಗೆ ಒಂದು ಚಮಚ ಎಣ್ಣೆ ಹಾಕಿದರೆ ಅಂಟುವುದಿಲ್ಲ ಎಂದು ಎಲ್ಲರೂ ಮಾಡುತ್ತಾರಲ್ಲ?

ಚಳ್ಳಕೆರೆಯ ಗಾಣ

ಎಣ್ಣೆಯ ಊರಿನವನಾಗಿ ಹೇಳುತ್ತೇನೆ: ಆ ಚಮಚ ಎಣ್ಣೆಯನ್ನು ಉಳಿಸಿಕೊಳ್ಳಿ. ಎಣ್ಣೆ ನೀರಿನ ಮೇಲೆ ತೇಲುತ್ತದೆ, ಪಾಸ್ತಾ ನೀರಿನ ಕೆಳಗೆ ಬೇಯುತ್ತಿರುತ್ತದೆ. ನೊರೆ ಉಕ್ಕುವುದು ಸ್ವಲ್ಪ ತಗ್ಗುತ್ತದೆ, ಅಷ್ಟೇ ಲಾಭ. ಸೋಸುವಾಗ ಮಾತ್ರ ಮೇಲಿದ್ದ ಎಣ್ಣೆ ಪಾಸ್ತಾದ ಮೈಗೆ ಹತ್ತಿ, ಸಾಸು ಹಿಡಿಯದೆ ಜಾರುತ್ತದೆ. ತಣ್ಣಗೆ ತಿನ್ನುವ ಸಲಾಡಿಗಾದರೆ ಸೋಸಿದ ಮೇಲೆ ಎಣ್ಣೆ ಸವರಿ. ಆಗ ಅದಕ್ಕೊಂದು ಕೆಲಸವಿದೆ.

ಬಿಸಿಬಾಣಲೆ (ದಾವಣಗೆರೆ)

ನೂರಕ್ಕೆ ನೂರು ಒಪ್ಪುತ್ತೇನೆ. ಬೆಂದ ಪಾಸ್ತಾವನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವ ಅಭ್ಯಾಸವನ್ನೂ ಬಿಡಿ. ಮೈಮೇಲಿನ ಪಿಷ್ಟವೇ ಸಾಸನ್ನು ಹಿಡಿದು ನಿಲ್ಲಿಸುವುದು. ಸಲಾಡಿಗೆ ಬೇಕಾದರೆ ಮಾತ್ರ ತೊಳೆಯಿರಿ.

ನೀರು, ಉಪ್ಪಿಗೆ ಇಟಲಿಯವರದು ಸುಲಭದ ಲೆಕ್ಕ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಉಪ್ಪು ನೀರಿನ ಕುದಿಬಿಂದುವನ್ನು ಏರಿಸಿ ಬೇಗ ಬೇಯಿಸುತ್ತದೆ ಎನ್ನುವವರಿದ್ದಾರೆ. ಲೀಟರಿಗೆ 10 ಗ್ರಾಂ ಹಾಕಿದರೆ ಏರುವುದು ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟೂ ಇಲ್ಲ. ಉಪ್ಪು ಹಾಕುವುದು ರುಚಿಗಾಗಿ. ಪಾಸ್ತಾ ನೀರು ಕುಡಿಯುವಾಗಲೇ ಉಪ್ಪನ್ನೂ ಕುಡಿಯಬೇಕು, ಆಮೇಲೆ ಮೇಲಿಂದ ಉದುರಿಸಿದ ಉಪ್ಪು ಒಳಗೆ ಇಳಿಯುವುದಿಲ್ಲ. ನಮ್ಮ ಮಸಾಲೆ ಸಾಸುಗಳಲ್ಲಿ ಮೊದಲೇ ಉಪ್ಪು ಖಾರ ಜಾಸ್ತಿ ಇರುವುದರಿಂದ ನಾನು ಲೀಟರಿಗೆ 6 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕೆ ನಿಲ್ಲಿಸುತ್ತೇನೆ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ನಾನು ಭೌತವಿಜ್ಞಾನ ಪಾಠ ಮಾಡುವವನು. ಊರಿನ ಎತ್ತರದ ವಿಷಯ ಸೇರಿಸುತ್ತೇನೆ. ದಾವಣಗೆರೆ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ, ಚಿತ್ರದುರ್ಗ 730 ಮೀಟರ್ ಆಸುಪಾಸು. ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹೆಚ್ಚು ಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ದಾವಣಗೆರೆಯಲ್ಲಿ ನೀರು 98 ಡಿಗ್ರಿಯ ಹತ್ತಿರ, ನಮ್ಮಲ್ಲಿ 97.5ರ ಹತ್ತಿರ ಕುದಿಯುತ್ತದೆ. ಸಮುದ್ರ ತೀರದ ಊರಿನಲ್ಲಿ ನಿಂತು ಬರೆದ ಸಮಯಕ್ಕಿಂತ ಇಲ್ಲಿ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷ ಜಾಸ್ತಿ ಹಿಡಿಯುತ್ತದೆ. ದೊಡ್ಡ ವ್ಯತ್ಯಾಸವಲ್ಲ. ಪೊಟ್ಟಣದಲ್ಲಿ 10ರಿಂದ 12 ಎಂದಿದ್ದರೆ ನಮ್ಮವರು 12ರ ಕಡೆಗೇ ವಾಲುವುದಕ್ಕೆ ಇದೂ ಒಂದು ಕಾರಣ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಹದ ಹಿಡಿಯುವುದು ಸುಲಭ. ಒಣ ಪಾಸ್ತಾದಲ್ಲಿ ಗ್ಲುಟೆನ್ ಪ್ರೋಟೀನಿನ ಜಾಲವಿದೆ, ಅದರ ನಡುವೆ ಪಿಷ್ಟದ ಕಣಗಳು ಸಿಕ್ಕಿಕೊಂಡಿವೆ. ಬಿಸಿನೀರು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಇಳಿಯುತ್ತದೆ. 60 ಡಿಗ್ರಿ ದಾಟುತ್ತಿದ್ದಂತೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ, ಅದೇ ಹೊತ್ತಿಗೆ ಪ್ರೋಟೀನಿನ ಜಾಲ ಬಿಗಿಯಾಗುತ್ತದೆ. ಜಾಲ ಗಟ್ಟಿಯಿದ್ದರೆ ಉಬ್ಬಿದ ಪಿಷ್ಟ ಒಳಗೇ ಉಳಿಯುತ್ತದೆ. ಹೆಚ್ಚು ಹೊತ್ತು ಬೇಯಿಸಿದರೆ ಜಾಲ ಹರಿದು ಪಿಷ್ಟ ನೀರಿಗೆ ಸೋರುತ್ತದೆ, ಮೈ ಲೋಳೆಯಾಗುತ್ತದೆ. 100 ಗ್ರಾಂ ಒಣ ಪಾಸ್ತಾ ಬೆಂದ ಮೇಲೆ 200ರಿಂದ 250 ಗ್ರಾಂ ತೂಗುತ್ತದೆ. ಮನೆಯಲ್ಲಿ ತಕ್ಕಡಿ ಇದ್ದವರು ತೂಗಿ ನೋಡಬಹುದು.

ಶ್ಯಾವಿಗೆ ಮಣೆ (ಹರಿಹರ)

ನೀವೆಲ್ಲ ಪಾಸ್ತಾವನ್ನು ಹೊಸ ವಸ್ತು ಎಂಬಂತೆ ಮಾತನಾಡುತ್ತಿದ್ದೀರಿ. ಗವಲಿ, ಮಾಲತಿ, ಪರಡಿ ಎಂದು ಬೆರಳ ತುದಿಯಲ್ಲಿ ಹೊಸೆದು, ಬಿಸಿಲಿಗೆ ಒಣಗಿಸಿ, ಡಬ್ಬಿ ತುಂಬಿ ಮದುವೆಗೆ ಎತ್ತಿಡುತ್ತಿದ್ದ ಹೆಂಗಸರ ಕೈಗೆ ಇದೇನೂ ಹೊಸದಲ್ಲ. ಗೋಧಿ ಶ್ಯಾವಿಗೆಯನ್ನು ಕುದಿಯುವ ನೀರಿಗೆ ಹಾಕಿ, ಹದ ನೋಡಿ ಬಸಿದು, ಬೆಲ್ಲ, ತುಪ್ಪ, ಹಾಲು ಹಾಕಿ ತಿನ್ನುವವರು ಅಲ್ ದೆಂತೆ ಎಂಬ ಹೆಸರು ಕೇಳದೆಯೇ ಆ ಹದ ಬಲ್ಲರು. ನಮ್ಮ ತಾಯಿ ಒಂದೆಳೆ ಶ್ಯಾವಿಗೆಯನ್ನು ಸೌಟಿನಿಂದ ಎತ್ತಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತುತ್ತಿದ್ದರು. ಎಳೆ ಚಪ್ಪಟೆಯಾಗಬೇಕು, ಹಿಸುಕಿ ಹಿಟ್ಟಾಗಬಾರದು, ನಡುವೆ ಮರಳಿನ ಕಣದಂತೆ ಏನೂ ತಗಲಬಾರದು. ನಾನು ಸ್ಪಾಗೆಟ್ಟಿಯನ್ನೂ ಹೀಗೆಯೇ ನೋಡುತ್ತೇನೆ.

ಇನ್ನೊಂದು ಮಾತು. ಗೋಧಿಯ ಜಾತಿ ನೋಡದೆ ನಿಮಿಷದ ಮಾತು ಆಡಬೇಡಿ. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಗೋಧಿಯ ರವೆಯಿಂದಲೇ ಮಾಡಬೇಕು ಎಂದು 1967ರಲ್ಲೇ ಕಾನೂನು ಬಂದಿದೆ. ಆ ಗೋಧಿ ನಮಗೆ ಪರಕೀಯವೇ? ಅಂಗಡಿಯಲ್ಲಿ ಬನ್ಸಿ ರವೆ ಎಂದು ಕೊಳ್ಳುತ್ತೇವಲ್ಲ, ಅದು ಡ್ಯೂರಮ್ ರವೆಯೇ. ಧಾರವಾಡ, ಬೆಳಗಾವಿ ಕಡೆಯ ಜವೆ ಗೋಧಿಯೂ ಅದರ ಹತ್ತಿರದ ಬಂಧು, ಅದರ ಶ್ಯಾವಿಗೆ ಎಷ್ಟು ಕುದಿಸಿದರೂ ಎಳೆ ಬಿಡುವುದಿಲ್ಲ.

ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿ ಇರುತ್ತದೆ, ಯಾವುದು ಹೆಚ್ಚು ತೂಕವೋ ಅದು ಮೊದಲು. ಡ್ಯೂರಮ್ ಗೋಧಿ ರವೆ ಎಂದು ಮಾತ್ರ ಇದ್ದರೆ ಅದು ಒಂದೆರಡು ನಿಮಿಷದ ಹೆಚ್ಚು ಕಡಿಮೆಯನ್ನು ತಡೆದುಕೊಳ್ಳುತ್ತದೆ. ಮೈದಾ ಮೊದಲಿದ್ದರೆ ಅದರ ಪ್ರೋಟೀನಿನ ಜಾಲ ದುರ್ಬಲ. 7ನೇ ನಿಮಿಷಕ್ಕೆ ಒಳಗೆ ಹಸಿ, 9ನೇ ನಿಮಿಷಕ್ಕೆ ಹೊರಗೆ ಲೋಳೆ. ಸಂತೆಯಲ್ಲಿ ಸಡಿಲವಾಗಿ ತೂಗಿ ಕೊಡುವ ಬಣ್ಣದ ಪಾಸ್ತಾಕ್ಕೆ ಪಟ್ಟಿಯೇ ಇರುವುದಿಲ್ಲ. ಅದನ್ನು 5ನೇ ನಿಮಿಷದಿಂದಲೇ ನೋಡುತ್ತಾ ಇರಬೇಕು.

ವಿದ್ಯಾನಗರದ ಒಲೆ (ದಾವಣಗೆರೆ)

ಈಗಲೇ ಎದ್ದು ಹೋಗಿ ನೋಡಿದೆ. ನಮ್ಮ ಪೊಟ್ಟಣದಲ್ಲಿ ಡ್ಯೂರಮ್ ಗೋಧಿ ರವೆ ಎಂದಷ್ಟೇ ಇದೆ. ಆದರೆ ಮನೆಯಲ್ಲಿ ಇಬ್ಬರಿಗೆ ಎರಡು ಹದ ಬೇಕು ಎನ್ನುವುದಕ್ಕೆ ಏನು ಮಾಡಲಿ? ಅತ್ತೆಯವರಿಗೆ ಹಲ್ಲಿನ ತೊಂದರೆಯೂ ಇದೆ.

ಶ್ಯಾವಿಗೆ ಮಣೆ (ಹರಿಹರ)

ಒಂದೇ ಪಾತ್ರೆಯಲ್ಲಿ ಆಗುತ್ತದೆ ತಾಯಿ. ಮಗಳ ಹದಕ್ಕೆ ಬಂದಾಗ ಅವಳ ಪಾಲನ್ನು ಜರಡಿ ಸೌಟಿನಿಂದ ಎತ್ತಿ ಅವಳ ಸಾಸಿಗೆ ಹಾಕಿ. ಉಳಿದದ್ದು ಅದೇ ನೀರಿನಲ್ಲಿ ಇನ್ನೂ ಮೂರು ನಾಲ್ಕು ನಿಮಿಷ ಇರಲಿ. ಮೆತ್ತಗೆ ತಿನ್ನುವುದು ತಪ್ಪು ಎಂದು ನಾನಂತೂ ಒಪ್ಪುವುದಿಲ್ಲ. ಹಲ್ಲಿಲ್ಲದವರ ಬಾಯಿಗೆ ಹಿತವಾಗಿರುವುದೇ ಅವರ ಪಾಲಿನ ಸರಿಯಾದ ಹದ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಮೆತ್ತಗೆ ತಿನ್ನುವವರ ಹಕ್ಕನ್ನು ನಾನೂ ಒಪ್ಪುತ್ತೇನೆ. ಆದರೆ ಸಕ್ಕರೆ ಕಾಯಿಲೆ ಇರುವವರು ಒಂದು ವಿಷಯ ಗಮನಿಸಬೇಕು. ಹೆಚ್ಚು ಬೆಂದ ಪಾಸ್ತಾದ ಪಿಷ್ಟ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸ್ವಲ್ಪ ಗಟ್ಟಿ ಉಳಿಸಿದರೆ ಏರುವುದು ನಿಧಾನ. ಅಂದ ಮಾತ್ರಕ್ಕೆ ತಟ್ಟೆ ತುಂಬ ತಿನ್ನಬಹುದು ಎಂದಲ್ಲ. ಇಟಲಿಯಲ್ಲಿ ಒಬ್ಬರಿಗೆ 80ರಿಂದ 100 ಗ್ರಾಂ ಒಣ ಪಾಸ್ತಾ ಹಾಕುತ್ತಾರೆ. ಪಕ್ಕದಲ್ಲಿ ಬೇರೆ ತಿಂಡಿಯೂ ಇರುವ ನಮ್ಮ ಊಟಕ್ಕೆ 60 ಗ್ರಾಂ ಧಾರಾಳ.

ಕೋಟೆಬಾಗಿಲು (ಚಿತ್ರದುರ್ಗ)

ನಮ್ಮ ಬೀದಿಗೆ ಶಾಂತಿಸಾಗರ ಕೆರೆಯ ನೀರು ಬಂದ ದಿನ ಮಾಡಿದ ಪಾಸ್ತಾ ಒಂದು ರೀತಿ ಇರುತ್ತದೆ, ಕೊಳವೆ ಬಾವಿಯ ನೀರಿನಲ್ಲಿ ಮಾಡಿದ್ದು ಇನ್ನೊಂದು ರೀತಿ. ಕೊಳವೆ ಬಾವಿ ನೀರಿನಲ್ಲಿ ಅಂಟು ಜಾಸ್ತಿ, ಬಸಿದ ನೀರೂ ಗಂಜಿಯಂತೆ ಮಂದವಾಗಿರುತ್ತದೆ. ಸಮಯ, ಪೊಟ್ಟಣ, ಪಾತ್ರೆ ಎಲ್ಲವೂ ಒಂದೇ. ಇದು ನನ್ನ ಭ್ರಮೆಯೋ, ಕಾರಣವಿದೆಯೋ?

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಭ್ರಮೆಯಲ್ಲ, ಕಾರಣವಿದೆ. ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು, ಏಕೆಂದರೆ ಹೊರಗಿನವರು ಬರೆದ ಅಡುಗೆ ಪುಸ್ತಕ ನಮ್ಮ ಜಿಲ್ಲೆಯ ನೀರನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ನಮ್ಮ ಕೊಳವೆ ಬಾವಿಗಳ ನೀರು ಬಹುಪಾಲು ಗಡಸು, ಅದರಲ್ಲಿ ಬೈಕಾರ್ಬೊನೇಟ್ ಲವಣಗಳು ಕರಗಿರುತ್ತವೆ. ಅಂತಹ ನೀರನ್ನು ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ನೀರು ಇನ್ನಷ್ಟು ಕ್ಷಾರೀಯವಾಗುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದೂ ಇದೇ ಕಾರಣಕ್ಕೆ. ಕ್ಷಾರೀಯ ನೀರಿನಲ್ಲಿ ಪಾಸ್ತಾದ ಮೇಲ್ಮೈಯಿಂದ ಪಿಷ್ಟ ಹೆಚ್ಚು ಸೋರುತ್ತದೆ. ಹೀಗಾಗಿ ಒಳಗೆ ಹದ ಬರುವ ಮೊದಲೇ ಹೊರಮೈ ಅಂಟಾಗುತ್ತದೆ. ಉಪಾಯ ಸರಳ: ಪಾಸ್ತಾ ಹಾಕುವ ಮೊದಲು ಲೀಟರಿಗೆ ಅರ್ಧ ಚಹಾ ಚಮಚ ನಿಂಬೆರಸ ಹಿಂಡಿ. ರುಚಿಯಲ್ಲಿ ಹುಳಿ ತಿಳಿಯುವುದಿಲ್ಲ, ಅಂಟು ಮಾತ್ರ ಕಡಿಮೆಯಾಗುತ್ತದೆ. ಶುದ್ಧೀಕರಣ ಘಟಕದ ನೀರು ಮನೆಯಲ್ಲಿದ್ದರೆ ಅದನ್ನೇ ಬಳಸಿ. ಕುಡಿಯುವ ನೀರಿಗೆ ಇಷ್ಟು ಪಡಿಪಾಟಲು ಇರುವ ಊರಿನಲ್ಲಿ ಪಾಸ್ತಾಕ್ಕೆ ನಾಲ್ಕು ಲೀಟರ್ ಸುರಿಯಿರಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಸಣ್ಣ ಪಾಸ್ತಾವಾದರೆ 100 ಗ್ರಾಮಿಗೆ ಅರ್ಧ ಲೀಟರ್ ನೀರಿನಲ್ಲೂ ಚೆನ್ನಾಗಿ ಬೇಯುತ್ತದೆ. ಹೆಚ್ಚು ಕಲಕಬೇಕು, ಉಪ್ಪನ್ನು ಅರ್ಧಕ್ಕೆ ಇಳಿಸಬೇಕು, ಅಷ್ಟೇ.

ಬಿಸಿಬಾಣಲೆ (ದಾವಣಗೆರೆ)

ಕಡಿಮೆ ನೀರಿಗೆ ನನ್ನದೊಂದು ತಕರಾರಿದೆ. ಮನೆಯಲ್ಲಿ ಇನ್ನೂರು ಗ್ರಾಂ ಮಾಡುವವರಿಗೆ ಅದು ನಡೆಯುತ್ತದೆ. ಐದು ಕಿಲೋ ಹಾಕಿದರೆ ಕುದಿ ಮರಳುವುದಕ್ಕೇ ಬಹಳ ಹೊತ್ತು ಹಿಡಿದು, ಅಷ್ಟರಲ್ಲಿ ತಳದಲ್ಲಿದ್ದದ್ದು ಗಟ್ಟಿಗಂಟಾಗುತ್ತದೆ. ದೊಡ್ಡ ಅಡುಗೆಗೆ ನೀರು ಧಾರಾಳವಾಗಿಯೇ ಇರಬೇಕು. ಒಪ್ಪಬೇಕಾದ ಮಾತೆಂದರೆ, ಕಡಿಮೆ ನೀರಿನಲ್ಲಿ ಬೆಂದಾಗ ಉಳಿಯುವ ನೀರು ಬಹಳ ಗಟ್ಟಿ, ಸಾಸಿಗೆ ಅದು ಬಂಗಾರ.

ಹಾಸ್ಟೆಲ್ ಅಂಗಳ (ದಾವಣಗೆರೆ)

ನಮ್ಮ ಕೋಣೆಯಲ್ಲಿ ಗ್ಯಾಸ್ ಇಲ್ಲ, ವಿದ್ಯುತ್ ಕೆಟಲ್ ಮಾತ್ರ ಇದೆ. ಅದರಲ್ಲೇ ಪಾಸ್ತಾ ಹಾಕಿದರೆ ಎಷ್ಟು ಹೊತ್ತು?

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಕೆಟಲ್ಲಿನೊಳಗೆ ಪಾಸ್ತಾ ಹಾಕಬೇಡಿ. ಪಿಷ್ಟದ ನೊರೆ ಉಕ್ಕಿ ತಳದ ವಿದ್ಯುತ್ ಜೋಡಣೆಗೆ ಇಳಿದರೆ ಅಪಾಯ. ಕೆಟಲ್ಲಿನಲ್ಲಿ ನೀರು ಮಾತ್ರ ಕುದಿಸಿ. ಬಿಸಿ ಹಿಡಿದಿಡುವ ದಪ್ಪ ಹಾಟ್ ಬಾಕ್ಸ್ ಇದ್ದರೆ, ಮೊದಲು ಅದಕ್ಕೆ ಸ್ವಲ್ಪ ಕುದಿನೀರು ಹಾಕಿ ಬಿಸಿಮಾಡಿ ಚೆಲ್ಲಿ. ಆಮೇಲೆ ಸಣ್ಣ ಮ್ಯಾಕರೋನಿ, ಉಪ್ಪು, ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಕುದಿನೀರು ಹಾಕಿ ಚೆನ್ನಾಗಿ ಕಲಕಿ ಮುಚ್ಚಿ. ಪೊಟ್ಟಣದ ಸಮಯದ ಮೇಲೆ ನಾಲ್ಕೈದು ನಿಮಿಷ ಸೇರಿಸಿ ತೆಗೆದು ನೋಡಿ. ನಡುವೆ ಒಮ್ಮೆ ಮುಚ್ಚಳ ತೆರೆದು ಬೇಗ ಕಲಕಿ. ದಪ್ಪ ಪೆನ್ನೆಗೆ ಇದು ಒಗ್ಗುವುದಿಲ್ಲ.

ಇದು ಬಡ ವಿದ್ಯಾರ್ಥಿಯ ಉಪಾಯ ಎಂದು ಸಂಕೋಚ ಬೇಡ. 2021ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಇಟಲಿಯ ಜಾರ್ಜೋ ಪರೀಸಿ ಮರುವರ್ಷ, ಯುರೋಪಿನಲ್ಲಿ ಅನಿಲದ ಬೆಲೆ ಗಗನಕ್ಕೇರಿದಾಗ, ಕುದಿಯುವ ನೀರಿಗೆ ಪಾಸ್ತಾ ಹಾಕಿ ಸ್ವಲ್ಪ ಹೊತ್ತಿಗೆ ಒಲೆ ಆರಿಸಿ ಮುಚ್ಚಿಡುವ ಕ್ರಮವನ್ನು ಬೆಂಬಲಿಸಿದ್ದರು. ಅಲ್ಲಿನ ಬಾಣಸಿಗರು ಸಿಟ್ಟಾದರು, ದೊಡ್ಡ ವಾಗ್ವಾದವೇ ನಡೆಯಿತು. ಭೌತವಿಜ್ಞಾನ ಮಾತ್ರ ಪರೀಸಿಯವರ ಕಡೆಗಿದೆ. ಪಾಸ್ತಾ ಬೇಯಲು ನೀರು ಕೊತಕೊತ ಕುದಿಯುತ್ತಲೇ ಇರಬೇಕಾಗಿಲ್ಲ, 80 ಡಿಗ್ರಿಯ ಮೇಲೆ ಉಳಿದರೆ ಸಾಕು. ಮುಚ್ಚಳ ಭದ್ರವಾಗಿರಬೇಕು. ಮನೆಯ ಗ್ಯಾಸ್ ಒಲೆಯಲ್ಲಿ ಮಾಡುವವರು ಪಾಸ್ತಾ ಹಾಕಿ, ಕುದಿ ಮರಳಿದ ಮೇಲೆ ಎರಡು ನಿಮಿಷ ಬಿಟ್ಟು, ಉರಿ ಆರಿಸಿ ಮುಚ್ಚಿ, ಪೊಟ್ಟಣದ ಸಮಯಕ್ಕಿಂತ ಒಂದೆರಡು ನಿಮಿಷ ಹೆಚ್ಚು ಕಾಯಿರಿ.

ಬಿಸಿಬಾಣಲೆ (ದಾವಣಗೆರೆ)

ಸಿಲಿಂಡರ್ ಉಳಿಸಲು ಸರಿ, ಆದರೆ ಕಚ್ಚಿದಾಗಿನ ಬಿಗಿ ನನ್ನ ನಾಲಿಗೆಗೆ ಸ್ವಲ್ಪ ಕಡಿಮೆ ಎನಿಸುತ್ತದೆ. ಅತಿಥಿಗಳಿಗೆ ನಾನು ಹಾಗೆ ಮಾಡುವುದಿಲ್ಲ.

ಊಟದ ಡಬ್ಬಿ (ಚಿತ್ರದುರ್ಗ)

ಕುಕ್ಕರಿನ ಪ್ರಶ್ನೆ ಹಾಗೆಯೇ ಉಳಿಯಿತು. ಬೆಳಗ್ಗೆ ಆರೂವರೆಗೆ ಮೂರು ಡಬ್ಬಿ ಕಟ್ಟುವವರಿಗೆ ಕುಕ್ಕರ್ ಬಿಟ್ಟರೆ ಗತಿಯಿಲ್ಲ. ಇನ್ನೊಂದು, ಮಕ್ಕಳು ಮಧ್ಯಾಹ್ನ ಡಬ್ಬಿ ತೆರೆಯುವ ಹೊತ್ತಿಗೆ ಪಾಸ್ತಾ ಒಂದೇ ಮುದ್ದೆಯಾಗಿರುತ್ತದೆ. ಏನು ಮಾಡಬೇಕು?

ಬಿಸಿಬಾಣಲೆ (ದಾವಣಗೆರೆ)

ಕುಕ್ಕರಿನಲ್ಲಿ ಒಳಗಿನ ಬಿಸಿ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಆದ್ದರಿಂದ ಸೀಟಿ ಎಣಿಸುವ ಲೆಕ್ಕ ಪಾಸ್ತಾಕ್ಕೆ ಒರಟಾಯಿತು. ಒಂದು ಕುಕ್ಕರಿನ ಸೀಟಿ ಮೂರು ನಿಮಿಷಕ್ಕೆ ಬಂದರೆ ಇನ್ನೊಂದರದ್ದು ಆರಕ್ಕೆ. ಮಾಡಲೇಬೇಕೆಂದರೆ ಪೊಟ್ಟಣದ ಸಮಯದ ಅರ್ಧ ಮಾಡಿ, ಅದರಲ್ಲಿ ಒಂದು ನಿಮಿಷ ಕಳೆಯಿರಿ. 10 ನಿಮಿಷದ ಪೆನ್ನೆಗೆ ಒತ್ತಡ ಏರಿದ ಮೇಲೆ ಸಣ್ಣ ಉರಿಯಲ್ಲಿ 4 ನಿಮಿಷ. ನೀರು ಪಾಸ್ತಾ ಮುಳುಗುವಷ್ಟು ಮಾತ್ರ. ಪಿಷ್ಟದ ನೊರೆ ಸೀಟಿಯ ರಂಧ್ರವನ್ನು ಕಟ್ಟಬಹುದಾದ್ದರಿಂದ ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಸಣ್ಣ ಚಮಚ ಎಣ್ಣೆಗೆ ಇಲ್ಲಿ ಮಾತ್ರ ನನ್ನ ಒಪ್ಪಿಗೆ ಇದೆ, ಏಕೆಂದರೆ ಅದು ನೊರೆಯನ್ನು ತಗ್ಗಿಸುತ್ತದೆ.

ಡಬ್ಬಿಯ ವಿಷಯಕ್ಕೆ ಬರೋಣ, ಇದು ನಿಜಕ್ಕೂ ಮುಖ್ಯ. ಪಾಸ್ತಾವನ್ನು ಒಲೆಯಿಂದ ಇಳಿಸಿದರೂ ಅದು ಬೇಯುವುದನ್ನು ನಿಲ್ಲಿಸುವುದಿಲ್ಲ, ನೀರು ಹೀರುವುದನ್ನಂತೂ ನಿಲ್ಲಿಸುವುದೇ ಇಲ್ಲ. ತಟ್ಟೆಗೆ ಯಾವ ಹೊತ್ತಿಗೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಒಲೆಯಿಂದ ಇಳಿಸಬೇಕು. ತಕ್ಷಣ ಬಡಿಸುವುದಿದ್ದರೆ ಒಂದು ನಿಮಿಷ ಮೊದಲು ಇಳಿಸಿ, ಆ ಕೊನೆಯ ನಿಮಿಷವನ್ನು ಸಾಸಿನಲ್ಲಿ ಬೇಯಿಸಿ. ಚೀಸ್ ಹಾಕಿ ಓವನ್ನಿನಲ್ಲಿ ಇಡುವುದಿದ್ದರೆ ಮೂರು ನಿಮಿಷ ಮೊದಲು. ಡಬ್ಬಿಗಾದರೆ ಎರಡು ನಿಮಿಷ ಮೊದಲು ಇಳಿಸಿ, ಅಗಲ ತಟ್ಟೆಯಲ್ಲಿ ಹರಡಿ ಹಬೆ ಹೋಗಲು ಬಿಟ್ಟು, ಸಾಸನ್ನು ಸ್ವಲ್ಪ ತೆಳ್ಳಗೆ ಮಾಡಿ ಕಲಸಿ. ಹಬೆಯಾಡುವಾಗಲೇ ಮುಚ್ಚಳ ಒತ್ತಿದರೆ ಒಳಗೆ ನೀರಿಳಿದು ಮುದ್ದೆಯಾಗದೆ ಇನ್ನೇನಾಗುತ್ತದೆ?

ಮದುವೆಗೆ ನಾವು ಮಾಡುವ ಕ್ರಮವೂ ಇದೇ ಜಾತಿಯದು. ಪೊಟ್ಟಣದ ಸಮಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಬೇಯಿಸಿ, ಬಸಿದು, ತಣ್ಣೀರು ಹಾಯಿಸಿ, ಎಣ್ಣೆ ಸವರಿ ತಟ್ಟೆಗಳಲ್ಲಿ ಹರಡುತ್ತೇವೆ. ಬಡಿಸುವಾಗ ಬೇಕಾದಷ್ಟನ್ನೇ ಜರಡಿಯಲ್ಲಿ ಹಾಕಿ ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ಬಾಣಲೆಗೆ ಸುರಿಯುತ್ತೇವೆ. ಸಾಲಿನಲ್ಲಿ ಮುನ್ನೂರನೆಯವರಿಗೂ ಅದೇ ಹದ ಸಿಗುತ್ತದೆ.

ಜೋಗಿಮಟ್ಟಿ ಗಾಳಿ (ಚಿತ್ರದುರ್ಗ)

ಡಬ್ಬಿ ಕಟ್ಟುವವರಿಗೆ ಒಂದು ಎಚ್ಚರಿಕೆ. ರಾತ್ರಿ ಉಳಿದ ಪಾಸ್ತಾವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬಿಟ್ಟು ಬೆಳಗ್ಗೆ ಬಿಸಿಮಾಡಿ ಡಬ್ಬಿಗೆ ಹಾಕಬೇಡಿ. ಬೇಸಿಗೆಯಲ್ಲಂತೂ ಬೇಡವೇ ಬೇಡ. ಬೆಂದ ಅನ್ನ, ಪಾಸ್ತಾದಂತಹ ಪಿಷ್ಟದ ಆಹಾರದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದರ ಬೀಜಕಣಗಳು ಕುದಿಯನ್ನೂ ತಾಳಿಕೊಂಡು ಬದುಕುತ್ತವೆ. ಅದು ಉಂಟುಮಾಡುವ ವಾಂತಿಯ ವಿಷ ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಊಟದ ಡಬ್ಬಿ (ಚಿತ್ರದುರ್ಗ)

ಇದನ್ನು ನಮ್ಮ ಓಣಿಯವರಿಗೆಲ್ಲ ಕಳುಹಿಸುತ್ತೇನೆ. ತುಂಬ ಉಪಕಾರವಾಯಿತು.

ಕೋಟೆಬಾಗಿಲು (ಚಿತ್ರದುರ್ಗ)

ನೇರವಾಗಿ ಟೊಮೆಟೊ ಗೊಜ್ಜಿನಲ್ಲೇ ಒಣ ಪಾಸ್ತಾ ಹಾಕಿ ಬೇಯಿಸುವವರಿದ್ದಾರೆ. ಒಂದೇ ಪಾತ್ರೆ, ತೊಳೆಯುವ ಕೆಲಸ ಕಡಿಮೆ. ಅದಕ್ಕೆ ಸಮಯ ಎಷ್ಟು?

ಶ್ಯಾವಿಗೆ ಮಣೆ (ಹರಿಹರ)

ಒಂದೂವರೆ ಪಟ್ಟು ಎಂದಿಟ್ಟುಕೊಳ್ಳಿ. ಗೊಜ್ಜು ಮಂದವಾಗಿರುವುದರಿಂದ ಒಳಗಿಳಿಯುವ ನೀರು ಕಡಿಮೆ, ಹುಳಿಯೂ ಮೆತ್ತಗಾಗುವುದನ್ನು ತಡೆಯುತ್ತದೆ. ಬೇಳೆ ಬೇಯುವ ಮೊದಲೇ ಹುಣಸೆ ಹುಳಿ ಹಾಕಬಾರದು ಎಂದು ಮನೆಯಲ್ಲಿ ಹೇಳುತ್ತಾರಲ್ಲ, ಅದೇ ನಿಯಮ ಇಲ್ಲಿಯೂ ನಡೆಯುತ್ತದೆ. ಬಿಸಿನೀರು ಪಕ್ಕದಲ್ಲಿಟ್ಟುಕೊಂಡು ಆಗಾಗ ಸೇರಿಸುತ್ತಾ ಕಲಕಬೇಕು. ನನಗೆ ಬೇರೆಯಾಗಿ ಬೇಯಿಸಿ ಕೂಡಿಸುವುದೇ ಇಷ್ಟ.

ವಿದ್ಯಾನಗರದ ಒಲೆ (ದಾವಣಗೆರೆ)

ಎಲ್ಲರ ಮಾತಿನಂತೆ ನಿನ್ನೆ ರಾತ್ರಿ ಮಾಡಿದೆ. ಕುದಿ ಮರಳಿದ ಮೇಲೆ ಗಡಿಯಾರ ಇಟ್ಟೆ. 9ನೇ ನಿಮಿಷಕ್ಕೆ ಒಂದು ಪೆನ್ನೆ ಕತ್ತರಿಸಿದಾಗ ಬಿಳಿ ಬಳೆ ಸ್ಪಷ್ಟವಾಗಿತ್ತು. 11ಕ್ಕೆ ಒಂದು ಕಡೆ ಸಾಸಿವೆ ಗಾತ್ರದ ಚುಕ್ಕೆ ಮಾತ್ರ ಉಳಿದಿತ್ತು. ಮಗಳ ಪಾಲನ್ನು ಎತ್ತಿದೆ, ಅತ್ತೆಯವರದ್ದನ್ನು 14ಕ್ಕೆ ಇಳಿಸಿದೆ. ಇಬ್ಬರೂ ಎರಡನೆಯ ಸಲ ಹಾಕಿಸಿಕೊಂಡರು. ಬಸಿದ ನೀರನ್ನು ಒಂದು ಲೋಟ ಎತ್ತಿಟ್ಟಿದ್ದೇನೆ, ಆದರೆ ಅದನ್ನು ಸಾಸಿಗೆ ಎಷ್ಟು, ಯಾವಾಗ ಹಾಕಬೇಕೆಂದು ಯಾರೂ ಹೇಳಲಿಲ್ಲ.

ಬಿಸಿಬಾಣಲೆ (ದಾವಣಗೆರೆ)

ಇಬ್ಬರಿಗೂ ಹಿಡಿಸಿತು ಎಂದು ಓದಿ ಬಹಳ ಖುಷಿಯಾಯಿತು. ಆ ನೀರನ್ನು ಫ್ರಿಜ್ಜಿನಲ್ಲಿಟ್ಟಿದ್ದರೆ ಇವತ್ತು ಸೂಪಿಗೆ ಹಾಕಿ, ಮುಂದಿನ ಸಲ ಹೀಗೆ ಮಾಡಿ.

ದಾವಣಗೆರೆಯಲ್ಲಿದ್ದೀರಿ, ಒಳ್ಳೆಯ ಬೆಣ್ಣೆಗೆ ಬರವಿಲ್ಲ. ಅಗಲ ಬಾಣಲೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಸ್ವಲ್ಪ ಎಣ್ಣೆಯಲ್ಲಿ ಬಾಡಿಸಿ. ಹದಕ್ಕೆ ಒಂದು ನಿಮಿಷ ಬಾಕಿ ಇರುವಾಗ ಪಾಸ್ತಾವನ್ನು ನೀರು ಪೂರ್ತಿ ಸೋರಿಸದೆ ಬಾಣಲೆಗೆ ಹಾಕಿ, ಇಬ್ಬರ ಪಾಲಿಗೆ ಕಾಲು ಲೋಟ ಪಾಸ್ತಾ ನೀರು ಸುರಿಯಿರಿ. ನೀರು ಗುಳ್ಳೆಯೇಳುವಾಗ ಉರಿ ಸಣ್ಣದು ಮಾಡಿ, ನಿಂಬೆ ಗಾತ್ರದ ಬೆಣ್ಣೆ ಹಾಕಿ ಬಾಣಲೆಯನ್ನು ತಿರುಗಿಸುತ್ತಾ ಕಲಕಿ. ಮೊದಲು ಬೆಣ್ಣೆ ಒಂದು ಕಡೆ, ನೀರು ಒಂದು ಕಡೆ ಕಾಣುತ್ತದೆ. ಅರ್ಧ ನಿಮಿಷ ಕಲಕಿದಂತೆ ಎರಡೂ ಬೆರೆತು ತೆಳು ಕೆನೆಯಾಗಿ ಪ್ರತಿ ತುಂಡಿಗೂ ಹತ್ತುತ್ತದೆ. ನೀರಿನಲ್ಲಿರುವ ಪಿಷ್ಟವೇ ಬೆಣ್ಣೆ ಒಡೆಯದಂತೆ ಹಿಡಿಯುವುದು. ಬಾಣಲೆಯ ತಳದಲ್ಲಿ ಸೌಟು ಎಳೆದರೆ ಗೆರೆ ಒಂದು ಕ್ಷಣ ನಿಂತು ಮುಚ್ಚಿಕೊಳ್ಳಬೇಕು, ಅಷ್ಟು ಸಾಕು. ಕುಟ್ಟಿದ ಕರಿಮೆಣಸು ಉದುರಿಸಿ ತಕ್ಷಣ ಬಡಿಸಿ. ಇದಕ್ಕೆ ಕ್ರೀಮ್ ಬೇಡ, ಮೈದಾ ಬೇಡ.

ಹಾಸ್ಟೆಲ್ ಅಂಗಳ (ದಾವಣಗೆರೆ)

ಹಾಟ್ ಬಾಕ್ಸ್ ಕ್ರಮ ಕೆಲಸ ಮಾಡಿತು, ಮ್ಯಾಕರೋನಿ 13 ನಿಮಿಷಕ್ಕೆ ಹದವಾಯಿತು. ಊರಿಂದ ತಂದ ನವಣೆ ಪಾಸ್ತಾ ಪೊಟ್ಟಣವೂ ಇದೆ. ಅದಕ್ಕೂ ಇಷ್ಟೇ ಸಮಯವೇ? ಮೆಕ್ಕೆಜೋಳದ ಪಾಸ್ತಾವನ್ನೂ ಅಂಗಡಿಯಲ್ಲಿ ನೋಡಿದೆ.

ಶ್ಯಾವಿಗೆ ಮಣೆ (ಹರಿಹರ)

ಮೊದಲು ಪೊಟ್ಟಣದ ಹಿಂದೆ ಓದಿ. ಮುಂದೆ ದೊಡ್ಡದಾಗಿ ನವಣೆ ಎಂದು ಬರೆದು, ಹಿಂದೆ ಗೋಧಿ ರವೆ ಅರ್ಧಕ್ಕಿಂತ ಹೆಚ್ಚು ಸೇರಿಸಿದವು ಇರುತ್ತವೆ. ಅಂತಹದ್ದಾದರೆ ಗೋಧಿ ಪಾಸ್ತಾದಂತೆಯೇ ನೋಡಿಕೊಳ್ಳಿ, ಪೊಟ್ಟಣದ ಸಮಯಕ್ಕಿಂತ ಮೂರು ನಿಮಿಷ ಮೊದಲು ತುಂಡು ತೆಗೆದು ಹದ ನೋಡಲು ಶುರು ಮಾಡಿ.

ಗೋಧಿಯೇ ಇಲ್ಲದ ನವಣೆ, ಮೆಕ್ಕೆಜೋಳ, ಅಕ್ಕಿಯ ಪಾಸ್ತಾದಲ್ಲಿ ಗ್ಲುಟೆನ್ ಇಲ್ಲ, ಆದ್ದರಿಂದ ಹಿಡಿದಿಡುವ ಜಾಲವೂ ಇಲ್ಲ. ಹದಕ್ಕೂ ಒಡೆದು ಹೋಗುವುದಕ್ಕೂ ನಡುವೆ ಒಂದೇ ನಿಮಿಷದ ಅಂತರ. ಹಾಟ್ ಬಾಕ್ಸಿನಲ್ಲಿ ಅದು ಕರಗಿ ಅಂಬಲಿಯಾಗುತ್ತದೆ, ಅಲ್ಲಿ ಹಾಕಬೇಡಿ. ಮನೆಗೆ ಹೋದಾಗ ಒಲೆಯ ಮೇಲೆ ಅಗಲ ಪಾತ್ರೆಯಲ್ಲಿ ನೀರು ಹೆಚ್ಚಾಗಿಯೇ ಇಟ್ಟು, ಕುದಿ ಸಣ್ಣದಾಗಿರುವಂತೆ ನೋಡಿಕೊಂಡು ಬೇಯಿಸಿ. 4ನೇ ನಿಮಿಷದಿಂದ ಪ್ರತಿ ನಿಮಿಷವೂ ಒಂದು ತುಂಡು ಕಚ್ಚಿ ನೋಡಿ. ಸೌಟಿನಿಂದ ಜೋರಾಗಿ ಕಲಕಬೇಡಿ, ಪಾತ್ರೆಯನ್ನೇ ಹಿಡಿದು ಮೆಲ್ಲಗೆ ಅಲುಗಿಸಿ. ಇದನ್ನು ಮಾತ್ರ ಬಸಿದ ತಕ್ಷಣ ತಣ್ಣೀರಿನಲ್ಲಿ ಒಮ್ಮೆ ತೊಳೆಯಬೇಕು, ಇಲ್ಲದಿದ್ದರೆ ಜರಡಿಯಲ್ಲೇ ಅಂಟಿಕೊಳ್ಳುತ್ತದೆ. ಸಾಸು ಮೊದಲೇ ಸಿದ್ಧವಾಗಿರಲಿ, ಅದರಲ್ಲಿ ಮತ್ತೆ ಕುದಿಸದೆ ಬೆರೆಸಿ ಬಡಿಸಿ.